ಮಾವನ ಮನೆ ಮುಂದೆ ನಿಧಾನ

ಅಕ್ಕಂದಿರೇ, ಅರವತ್ತರ ಹತ್ರ ಬಂದ ಗಂಡಸಿಗೆ "ನಿಮ್ಗೆ ವಯಸ್ಸಾಯ್ತು" ಅಂತ ಹೇಳೋದು ಹೇಗೆ? ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಿದ್ರೆ ನಂಗೂ ಹೇಳಿ. ನಾನು ಹೇಮಾವತಿ. ನಮ್ಮನೆಯವ್ರು ಮಾಸ್ತಪ್ಪ. ಹೊಸನಗರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಕೊಂಡಿದ್ದಾರೆ. ಒಂದಿನ ಊಟಕ್ಕೆ ಕೂತವ್ರು ತಲೆ ಎತ್ತದೇ ಹೇಳಿದ್ರು, "ಹೇಮಾ, ನಾನು ಟ್ರಯಥ್ಲಾನ್‌ಗೆ ಹೆಸ್ರು ಕೊಟ್ಟೆ."

"ಅದೆಂತದು ಮಾರಾಯ್ರೆ? ಮಾತ್ರೆ ಹೆಸ್ರು ಇದ್ದಂಗಿದೆ."

"ಸ್ಪರ್ಧೆ ಕಣೆ. ಮೊದ್ಲು ಹಿನ್ನೀರಲ್ಲಿ ಈಜೋದು. ಎದ್ದು ಬಂದು ಸೈಕಲ್ ಹೊಡೆಯೋದು. ಸೈಕಲ್ ಇಳಿದು ಓಡೋದು."

"ಮೂರರಲ್ಲಿ ನೀವು ಯಾವ್ದು?"

"ಮೂರೂ."

"ಒಂದೇ ದಿನಾನಾ?"

"ಒಂದೇ ಬೆಳಿಗ್ಗೆ. ಒಂದರ ಹಿಂದೆ ಒಂದು."

ನಂಗೆ ನಗ್ಬೇಕೋ ಅಳ್ಬೇಕೋ ತಿಳೀಲಿಲ್ಲ. ಹಿನ್ನೀರಿನ ಪಕ್ಕ ಹುಟ್ಟಿದವ್ರು, ಈಜು ಬರುತ್ತೆ, ಒಪ್ಪಿದೆ. ಸೈಕಲ್ ಅಂತೂ ಅವ್ರ ಕಸುಬು. ಆದ್ರೆ ಬಸ್ಸು ಹೊರಟಾಗ ನಾಲ್ಕು ಹೆಜ್ಜೆ ಓಡೋದು ಬಿಟ್ರೆ ಇವ್ರು ಓಡಿದ್ದು ನಾನು ಕಂಡಿಲ್ಲ. ಬೀದಿಗೆ ಬಂದ್ರೆ ಒಬ್ಬೊಬ್ರದ್ದು ಒಂದೊಂದು ಮಾತು. ಮೊಟ್ಟೆ ತಿನ್ನಿಸು ಅಂತ ಒಬ್ರು, ಏನೂ ತಿನ್ನಿಸ್ಬೇಡ ಅಂತ ಒಬ್ರು. ನೀರು ಕುಡಿದ್ರೆ ಹೊಟ್ಟೆ ಹಿಡಿಯುತ್ತೆ ಅಂತ ಒಬ್ರು, ಕುಡೀದಿದ್ರೆ ಬಿದ್ದೇ ಹೋಗ್ತಾರೆ ಅಂತ ಇನ್ನೊಬ್ರು. ಕೇಳಿ ಕೇಳಿ ನನ್ನ ತಲೆ ಮೊಸರು ಗಡಿಗೆ ಆಯ್ತು.

ಸ್ಪರ್ಧೆಗೆ ಇನ್ನೂ ಸುಮಾರು ದಿನ ಇತ್ತು. ಒಂದು ಭಾನುವಾರ ಇವ್ರು ಅದೇ ದಾರೀಲಿ ಒಂದ್ಸಲ ಮಾಡಿ ನೋಡ್ತೀನಿ ಅಂತ ಹೊರಟ್ರು. ಈಜಿ ಮುಗಿಸಿದ್ರಂತೆ. ಸೈಕಲ್ ದಾರಿ ನನ್ನ ತವರೂರು ಹಾಲಗೋಡಿನ ಮೇಲೆ ಹೋಗುತ್ತೆ. ಅಲ್ಲೀತನಕ ಚೆನ್ನಾಗೇ ಬಂದಿದಾರೆ. ಅಲ್ಲಿಂದ ಮುಂದೆ ಏನಾಯ್ತೋ ಏನೋ, ಓಡೋಕೆ ಶುರು ಮಾಡಿದವ್ರು ಹಾಲಿನ ಡೇರಿ ಮುಂದೆ ವಾಂತಿ ಮಾಡ್ಕೊಂಡು, ಕಣ್ಣು ಕತ್ತಲೆ ಬಂದು ಕುಸಿದು ಕೂತ್ರು. ಯಾರೋ ಆಟೋದಲ್ಲಿ ಆಸ್ಪತ್ರೆಗೆ ಹಾಕಿದ್ರು. ನಾನು ಚಪ್ಪಲಿ ಹಾಕದೇ ಓಡಿದೆ.

ಡಾಕ್ಟರು ಇಸಿಜಿ ಮಾಡಿದ್ರು, ಡ್ರಿಪ್ ಹಾಕಿದ್ರು. ಶಿವಮೊಗ್ಗಕ್ಕೆ ಕಳಿಸಿ ಹೃದಯದ ಪರೀಕ್ಷೆ ಎಲ್ಲಾ ಮಾಡ್ಸಿದ್ರು. ಆಮೇಲೆ ಹೇಳಿದ್ರು, "ಹೃದಯ ಗಟ್ಟಿ ಇದೆ ಮಾಸ್ತಪ್ಪನೋರೆ. ಬುದ್ಧಿ ಎಲ್ಲಿದೆ ನೋಡ್ಕೊಳ್ಳಿ. ಸ್ಪರ್ಧೆಗೆ ಹೋಗಿ, ಬೇಡ ಅನ್ನಲ್ಲ. ನಿಮ್ಮ ಮಿತಿ ದಾಟ್ಬೇಡಿ."

ಮನೆಗೆ ಬಂದ ಕೂಡ್ಲೇ ನಾನು ಸೈಕಲ್ಲಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸ್ಕೊಂಡೆ. ಎಲ್ಲಾ ಮುಗೀತು, ಬದುಕಿದ್ರೆ ಸಾಕು ಅಂದೆ. ಇವ್ರು ಅಂಗಡಿಗೆ ಹೋದ್ರು, ಬಂದ್ರು, ಉಂಡ್ರು, ಮಲಗಿದ್ರು. ಅವ್ರ ಬಾಡಿದ ಮುಖ ನೋಡಿ ನಂಗೆ ಇನ್ನೂ ಗೊಂದಲ ಆಯ್ತು. ಕಳಿಸಿದ್ರೆ ಜೀವಕ್ಕೆ ಭಯ, ಕಳಿಸ್ದಿದ್ರೆ ಈ ಮುಖ.

ಹೈಸ್ಕೂಲಿನ ಪಿ.ಟಿ. ಟೀಚರ್ ಪ್ರತಿಮಾ ಮನೆಗೆ ಬಂದಿದ್ದು ಆಗ. ಅವರೇ ಇಂಥ ಸ್ಪರ್ಧೆ ಎಷ್ಟೋ ಮಾಡಿದವ್ರು.

"ಹೇಮಕ್ಕ, ಮಾಸ್ತಪ್ಪಣ್ಣ ಸ್ಪರ್ಧೆ ಮಾಡ್ಲಿ. ಆದ್ರೆ ನಿಧಾನಕ್ಕೆ ಮಾಡ್ಲಿ," ಅಂದ್ರು.

"ನಿಧಾನಕ್ಕೆ ಹೋಗೋಕೆ ಸ್ಪರ್ಧೆ ಎಂತಕ್ಕೆ ಟೀಚರೇ? ಸಂತೆಗೆ ಹೋದ್ರೆ ಸಾಲ್ದಾ?"

"ಅವ್ರು ಬೇರೆಯವ್ರನ್ನ ಸೋಲ್ಸೋಕೆ ಹೋಗ್ತಿಲ್ಲಕ್ಕ. ಮುಗ್ಸೋಕೆ ಹೋಗ್ತಿದ್ದಾರೆ. ಈಜುವಾಗಲೇ ಶಕ್ತಿ ಎಲ್ಲಾ ಸುರಿದ್ರೆ ಓಡೋಕೆ ಏನು ಉಳಿಯುತ್ತೆ? ನೀವು ಗದ್ದೇಲಿ ಸಸಿ ನೆಟ್ಟಿ ಮಾಡುವಾಗ ಸುಮ್ನಿರ್ತೀರಾ?"

"ಬಾಯಿ ಮುಚ್ಚಿದ್ರೆ ಅದೆಂತ ನೆಟ್ಟಿ? ಊರ ಸುದ್ದಿ ಎಲ್ಲಾ ಆಗೋದೇ ಅಲ್ಲಿ."

"ಮಾತಾಡ್ತಾ ಇದ್ದವ್ಳು ಸುಮ್ನಾದ್ರೆ?"

"ಏದುಸಿರು ಬಂತು ಅಂತ. ಬದುವಿಗೆ ಹೋಗಿ ಕೂತ್ಕೊಳೇ ಅಂತೀವಿ."

"ಅಷ್ಟೇ ಅಕ್ಕ. ಸೈಕಲ್ ಮೇಲೆ, ಓಟದಲ್ಲಿ, ಒಂದು ವಾಕ್ಯ ಪೂರ್ತಿ ಹೇಳೋಕೆ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಜೋರಾಯ್ತು, ವೇಗ ಇಳಿಸ್ಬೇಕು. ಬಾಯಾರೋ ಮೊದ್ಲೇ ಒಂದೊಂದು ಗುಟುಕು ನೀರು. ಎದೆ ಹಿಡೀತು, ತಲೆ ತಿರುಗ್ತು, ಕೈ ಜೋಮು ಬಂತು ಅಂದ್ರೆ ಅಲ್ಲೇ ನಿಲ್ಬೇಕು. ಪದಕ ಮುಂದಿನ ವರ್ಷಾನೂ ಸಿಗುತ್ತೆ."

ಇಷ್ಟು ನಂಗೆ ಅರ್ಥ ಆಯ್ತು. ಅರ್ಥ ಆಗದೇ ಇದ್ದಿದ್ದು ಒಂದೇ. ನಾನು ಅಲ್ಲೇ ಕೂತಿದ್ದ ಇವ್ರ ಕಡೆ ತಿರುಗಿದೆ. "ಅಲ್ಲಾ, ಹಾಲಗೋಡಿನ ತನಕ ಸರಿಯಾಗೇ ಹೋಗಿದ್ರಲ್ಲ. ಅಲ್ಲೇನು ದೆವ್ವ ಹೊಕ್ತು?"

ಇವ್ರು ಕಿವಿ ಕೆರ್ಕೊಂಡ್ರು. "ಬಸ್‌ಸ್ಟಾಪಲ್ಲಿ ನಿನ್ನ ತಮ್ಮ ನಿಂತಿದ್ದ. ಊರವ್ರೂ ಇದ್ರು. ಅಳಿಯ ಅನ್ನಿಸ್ಕೊಂಡವನು ಮಾವನ ಮನೆ ಮುಂದೆ ತೆವಳ್ಕೊಂಡು ಹೋಗ್ಲಾ? ಏರಲ್ಲಿ ಎದ್ದು ನಿಂತು ತುಳಿದೆ."

ನೋಡಿದ್ರಾ! ಮದ್ವೆ ಆಗಿ ಮೊಮ್ಮಕ್ಕಳಾದ್ರೂ ಇನ್ನೂ ಹೊಸ ಅಳಿಯ! ಆ ಏರಲ್ಲಿ ಬಸ್ಸೇ ಉಸ್ಸಪ್ಪಾ ಅನ್ನುತ್ತೆ. ನಂಗೆ ಎಷ್ಟು ಸಿಟ್ಟು ಬಂತು ಅಂದ್ರೆ ಟೀಚರ್ ಎದ್ರೇ ಬೈದೆ. ಆದ್ರೆ ಬೀಳ್ಸಿದ್ದು ವಯಸ್ಸಲ್ಲ, ಈ ಜಂಭ ಅಂತ ಗೊತ್ತಾಯ್ತಲ್ಲ, ಕೀಲಿ ತೆಗೆದು ಇವ್ರ ಕೈಗೆ ಹಾಕಿದೆ. ಸ್ಪರ್ಧೆ ದಿನ ನಾನೂ ಹಾಲಗೋಡಲ್ಲೇ ನಿಲ್ತೀನಿ, ಜೋರು ಮಾಡಿದ್ರೆ ರಸ್ತೆಗೆ ಅಡ್ಡ ಬರ್ತೀನಿ ಅಂದೆ.

ತಮ್ಮ ಜಟ್ಟಿಂಗಪ್ಪಂಗೆ ಫೋನ್ ಮಾಡಿದೆ. "ಭಾವ ಬಂದಾಗ ಹುರುಪು ಹತ್ತಿಸ್ಬೇಡ. ನಿಧಾನ ಅಂತ ಕೂಗು."

"ಎಂತಕ್ಕೆ ಅಕ್ಕ? ಚಪ್ಪಾಳೆ ಹೊಡೀಬಾರ್ದಾ?"

"ಬೇಡ."

"ಹಂಗಾದ್ರೆ ಬೈಬೇಕಾ?"

"ನಿಧಾನ ಅನ್ನು ಸಾಕು ಮಾರಾಯ!"

ಅವ್ನಿಗೆ ಅರ್ಥ ಆಗ್ಲಿಲ್ಲ. ಆದ್ರೂ ಊರಿಗೆಲ್ಲಾ ಹೇಳಿಟ್ಟಿದ್ದ. ಸ್ಪರ್ಧೆ ದಿನ ಸೈಕಲ್‌ಗಳು ಬರೋಕೆ ಶುರುವಾದ್ವು. ತಮ್ಮಂಗೆ ಭಾವ ಯಾರು, ಬೇರೆಯವ್ರು ಯಾರು ಅಂತ ಆ ಟೋಪಿ, ಕನ್ನಡಕದಲ್ಲಿ ಗುರುತೇ ಹತ್ಲಿಲ್ಲ. ಬಂದವ್ರಿಗೆಲ್ಲಾ ಊರವ್ರು ಸೇರಿ "ನಿಧಾನ! ನಿಧಾನ!" ಅಂತ ಕೂಗಿದ್ದೇ ಕೂಗಿದ್ದು. ಪಾಪ, ಸ್ಪರ್ಧೆಯವ್ರು ಬ್ರೇಕ್ ಹಾಕಿ, ಮುಂದೆ ದನ ಇದ್ಯಾ, ರಸ್ತೆ ಕುಸಿದಿದ್ಯಾ ಅಂತ ಬಗ್ಗಿ ಬಗ್ಗಿ ನೋಡೋರು. ಒಬ್ಬ ಹುಡುಗ ಇಳಿದು, "ಏನಾಯ್ತು ಆಂಟಿ?" ಅಂತ ನನ್ನನ್ನೇ ಕೇಳಿದ. ಏನಿಲ್ಲಪ್ಪಾ, ನೀನು ಹೋಗು ಅಂದೆ.

ಎಷ್ಟೋ ಜನ ಹೋದ್ಮೇಲೆ ಇವ್ರು ಕಂಡ್ರು. ಏರು ಶುರುವಾಗೋ ಜಾಗ. ಸೀಟಿಂದ ಸ್ವಲ್ಪ ಎದ್ರು. ನಾನು ರಸ್ತೆ ಅಂಚಿಗೆ ಹೋಗಿ ಕೂಗಿದೆ, "ಏನ್ರೀ! ಹೇಗಿದ್ದೀರಾ?"

ನನ್ನ ನೋಡಿದ್ರು. ತಮ್ಮನ್ನ ನೋಡಿದ್ರು. ಮತ್ತೆ ಸೀಟಲ್ಲಿ ಕೂತ್ರು. ಗೇರು ಇಳಿಸಿದ್ರು.

"ಹೇಮಾ, ಆ ನಿನ್ನ ತಮ್ಮಂಗೆ ಬಾಯಿ ಮುಚ್ಕೊಂಡು ಮನೆಗೆ ಹೋಗೋಕೆ ಹೇಳೇ, ಊರ ಮುಂದೆ ನನ್ನ ಮಾನ ಎಲ್ಲಾ ಹೋಯ್ತು!"

ಒಂದೇ ಉಸಿರಲ್ಲಿ, ಎಲ್ಲೂ ತಡವರಿಸದೇ, ಪೂರ್ತಿ ಹೇಳಿದ್ರು. ನಾನು ರಸ್ತೆ ಬದೀಲೇ ಕೂತು ಅತ್ತುಬಿಟ್ಟೆ. ಜಟ್ಟಿಂಗಪ್ಪ ಗಾಬರಿಯಾಗಿ, "ಬೈದ್ರು ಅಂತ ಅಳ್ತಿದ್ದೀಯಾ ಅಕ್ಕ?" ಅಂದ. ಅವ್ನಿಗೆ ಎಲ್ಲಿಂದ ಹೇಳೋದು?

ಓಟದಲ್ಲಿ ಸ್ವಲ್ಪ ಓಡಿದ್ರಂತೆ, ಸ್ವಲ್ಪ ನಡೆದ್ರಂತೆ. ಕೊನೆಯವ್ರ ಜೊತೆ ಬಂದು ಮುಟ್ಟಿದ್ರು. ಅವ್ರಿಗೂ ಪದಕ ಹಾಕಿದ್ರು. ಮೊದಲು ಬಂದವ್ರಿಗೂ ಪದಕ, ಕಡೆಗೆ ಬಂದವ್ರಿಗೂ ಪದಕ, ಇದು ಹೇಗೆ ಅಂತ ನಂಗಿನ್ನೂ ಗೊತ್ತಾಗಿಲ್ಲ.

ನಿಮ್ಮ ಮನೇಲೂ ಇಂಥವ್ರು ಇರ್ತಾರೆ. ಓಡ್ತೀನಿ ಅನ್ನೋ ಅತ್ತೆ, ಸೈಕಲ್ ಹೊಡೀತೀನಿ ಅನ್ನೋ ಅಪ್ಪ. ಬೀಗ ಹಾಕ್ಬೇಡಿ. ಮೊದ್ಲು ಡಾಕ್ಟರಿಗೆ ತೋರಿಸಿ. ಆಮೇಲೆ ದಾರೀಲಿ ನಿಂತು ಮಾತಾಡ್ಸಿ. ಬೈದ್ರೂ ಸರಿ, ಪೂರ್ತಿ ಬೈದ್ರೆ ಹೋಗೋಕೆ ಬಿಡಿ. ಮಾತು ಅರ್ಧಕ್ಕೆ ನಿಂತ್ರೆ ವೇಗ ಇಳಿಸೋಕೆ ಹೇಳಿ; ಎದೆ ಹಿಡೀತು, ತಲೆ ತಿರುಗ್ತು ಅಂದ್ರೆ ಕೈ ಅಡ್ಡ ಹಾಕಿ ನಿಲ್ಸಿ, ಆಂಬುಲೆನ್ಸ್ ನೂರೆಂಟಕ್ಕೆ ಫೋನ್ ಮಾಡಿ. ಮಾವನ ಮನೆ ಮರ್ಯಾದೆ ಆಮೇಲೆ ನೋಡ್ಕೊಂಡ್ರಾಯ್ತು.