ಮೇಲಿನ ಸಾಲಿನ ಎರಡು ಸೀಟು

ನಾಟಕಕ್ಕೆ ಹೋಗುವ ಏರ್ಪಾಡೆಲ್ಲ ಅಕ್ಕನ ತಲೆಗೇ ಬಂತು. ಆ ಮನೆಯಲ್ಲಿ ಇನ್ನೇನು ತಾನೇ ಬೇರೆಯವರ ತಲೆಗೆ ಹೋಗಿತ್ತು? ಹದಿನೇಳು ವರ್ಷದಿಂದ ಔಷಧಿ ಅಂಗಡಿಯಲ್ಲಿ ಕೂತು ಡಾಕ್ಟರುಗಳ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಓದಿದವಳು ಅವಳು. ಮಾತ್ರೆಯ ಖಾಲಿ ಡಬ್ಬಿಯೊಂದನ್ನು ಬಿಚ್ಚಿ ಅದರ ಒಳಮೈ ಮೇಲೆ ಬರೆದಿಟ್ಟಳು: ನಾಲ್ಕು ಹತ್ತರ ಬಸ್ಸು. ಕಲ್ಲಿನ ಮೆಟ್ಟಿಲ ಮೇಲೆ ಕೂರಬೇಕಲ್ಲ, ಎರಡು ದಿಂಬು. ಕಡಲ ಗಾಳಿಗೆ ಅಮ್ಮನ ದಪ್ಪ ಶಾಲು. ಕೊನೆಯಲ್ಲಿ, ಟಿಕೆಟ್ಟು.

ಬಂಡೆಯ ನೆತ್ತಿಯ ಮೇಲೆ ಕಡಲಿಗೆ ಮುಖಮಾಡಿ ಕಟ್ಟಿದ ಬಯಲು ರಂಗಮಂದಿರ ಅದು. ಕೆಳಗೆ ವೇದಿಕೆ, ಅದರ ಬೆನ್ನಿಗೇ ಸಮುದ್ರ, ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ನಲವತ್ತು ಸಾಲು, ಒಳಗೆ ಬರುವ ಬಾಗಿಲು ಮೇಲಿನ ತುದಿಗೆ. ಅಲ್ಲಿಯ ಗಾಳಿಗೆ ಕಿವಿ ನೆಟ್ಟಗಿದ್ದವರೇ ಹೆಣಗಾಡಬೇಕು. ಅಮ್ಮನದಂತೂ ಬೇರೆಯೇ ಕಥೆ. ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಮೂವತ್ತೆರಡು ವರ್ಷ ನಿಂತು ಅವಳ ಕಿವಿ ಹೋಗಿತ್ತು. ಆ ಗದ್ದಲದಲ್ಲಿ ಹೆಂಗಸರೆಲ್ಲ ತುಟಿಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಹಾಗಾಗಿ ಅಮ್ಮ ಗಿರಣಿ ಬಿಡುವಾಗ ಕಿವಿಯನ್ನು ಅಲ್ಲೇ ಬಿಟ್ಟು, ತುಟಿ ಓದುವ ವಿದ್ಯೆಯನ್ನು ಮನೆಗೆ ತಂದಿದ್ದಳು. ಕಿವಿಗೆ ಹಾಕುವ ಯಂತ್ರ ಗಾಳಿ ತಾಗಿದರೆ ಗೊರಗುಟ್ಟುತ್ತದೆಂದು ಡಬ್ಬಿಯಲ್ಲೇ ಮಲಗಿತ್ತು.

ಒಂದೆರಡು ಮಾತಾದರೆ ಅಮ್ಮ ಯಾರ ತುಟಿಯಿಂದಲಾದರೂ ಹಿಡಿಯುತ್ತಿದ್ದಳು. ಮಾತು ಉದ್ದವಾಯಿತೋ, ಥಟ್ಟನೆ ಅಕ್ಕನ ಕಡೆ ತಿರುಗುತ್ತಿದ್ದಳು. ಅಕ್ಕ ಸದ್ದಿಲ್ಲದೆ ತುಟಿಯಾಡಿಸಿ ಎಲ್ಲವನ್ನೂ ಮತ್ತೆ ಹೇಳಬೇಕು. ಡಾಕ್ಟರ ಮುಂದೆ, ಬ್ಯಾಂಕಿನಲ್ಲಿ, ನೆಂಟರ ನಡುವೆ, ಎಲ್ಲೆಲ್ಲೂ ಹೀಗೇ. ಯಾರು ಏನೇ ಹೇಳಲಿ, ಅಮ್ಮ ನೋಡುತ್ತಿದ್ದದ್ದು ಅಕ್ಕನ ಮುಖ. ನಲವತ್ತೊಂದು ವರ್ಷದ ಅಕ್ಕನಿಗೆ ಆಸ್ತಿ ಅಂತ ಇದ್ದದ್ದು ಆ ನೋಟವೊಂದೇ.

ಅದಕ್ಕೆ ಕನ್ನ ಹಾಕಿದವಳು ತಂಗಿ ಪುಟ್ಟಿ. ಅಕ್ಕನಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವಳು, ಸಂಜೆ ಹೊತ್ತು ನಾಟಕದ ಹುಚ್ಚು ಹತ್ತಿಸಿಕೊಂಡವಳು. ಹೋದ ತಿಂಗಳು ಓಡೋಡಿ ಬಂದು ಅಮ್ಮನ ಎದುರು ನಿಂತು, "ಅಮ್ಮಾ, ನಾನೇ ಹೀರೋಯಿನ್ನು!" ಅಂದಳು. ಕಡಲ ತೀರದ ದೀಪಸ್ತಂಭ ಕಾಯುವವನ ಹೆಂಡತಿಯ ಪಾತ್ರವಂತೆ. ಆಮೇಲೆ ಹತ್ತು ನಿಮಿಷ ಒಂದೇ ಸಮನೆ ಬಡಬಡಿಸಿದಳು. ಅಮ್ಮ ಅವಳ ಗಲ್ಲ ಹಿಡಿದು, ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತ ನಿಂತಳೇ ಹೊರತು, ಅಕ್ಕನ ಕಡೆ ಒಮ್ಮೆಯೂ ತಿರುಗಲಿಲ್ಲ. ಅಕ್ಕನ ಹೊಟ್ಟೆ ಧಗಧಗ ಉರಿಯಿತು. ಅಂಗಡಿ ತುಂಬ ಔಷಧಿಯಿದ್ದರೂ ಆ ಉರಿಗೆ ಒಂದು ಮಾತ್ರೆಯಿರಲಿಲ್ಲ.

ಟಿಕೆಟ್ಟಿಗೆ ಫೋನು ಮಾಡಿದಾಗ ಕೌಂಟರಿನವನು ವಿನಯವಾಗಿಯೇ ಹೇಳಿದ. "ಮುಂದಿನ ಎರಡು ಸಾಲು ಕಲಾವಿದರ ಮನೆಯವರಿಗೆ ಅಂತಲೇ ಇಟ್ಟಿದೀವಿ ಮೇಡಂ. ಎಷ್ಟು ಬೇಕು?"

"ಬೇಡ. ಎಲ್ಲಕ್ಕಿಂತ ಮೇಲಿನ ಸಾಲಲ್ಲಿ ಎರಡು ಕೊಡಿ."

"ಅಲ್ಲಿಂದ ಮುಖ ಕಾಣಲ್ಲ, ಮೇಡಂ."

"ಪರವಾಗಿಲ್ಲ," ಅಂದಳು ಅಕ್ಕ. ಮುಖ ಕಾಣಬಾರದೆಂದೇ ತಾನೇ ಕೇಳಿದ್ದು!

ಅಮ್ಮನಿಗೆ, "ಮುಂದೆಲ್ಲ ಭರ್ತಿಯಂತೆ," ಅಂದಳು. ಅಮ್ಮನ ಮುಖ ಸಣ್ಣದಾಯಿತು. "ಹೋಗ್ಲಿ ಬಿಡು. ನೀನಿದ್ದೀಯಲ್ಲ, ನೀನೇ ಹೇಳು," ಅಂದಳು. ಅಕ್ಕನಿಗೆ ಬೇಕಿದ್ದದ್ದೂ ಅದೇ.

ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು. ಅಷ್ಟು ಮೇಲೆ ಕೂತರೆ ಅಕ್ಕನಿಗೂ ಮಾತು ಕೇಳುವುದಿಲ್ಲ, ಕೇಳದೆ ಹೇಳುವುದು ಹೇಗೆ? ನಾಟಕವನ್ನೇ ಬಾಯಿಪಾಠ ಮಾಡಬೇಕಾಯಿತು. ಪುಟ್ಟಿ ಕುಣಿಕುಣಿಯುತ್ತ ಪ್ರತಿ ತಂದುಕೊಟ್ಟಳು. ಅಂಗಡಿಯಿಂದ ಬಂದ ಮೇಲೆ ಅಕ್ಕ ಊಟದ ಮೇಜಿನಲ್ಲಿ ಅಮ್ಮನ ಎದುರು ಕೂತು ಅಭ್ಯಾಸಕ್ಕೆಂದು ಒಂದೊಂದೇ ಪುಟವನ್ನು ತುಟಿಯಲ್ಲೇ ಆಡಿದಳು. ಮೂರನೆಯ ದಿನ ನಾಯಕಿಯ ದೊಡ್ಡ ಮಾತು ಬಂತು. ಗಂಡ ಕಡಲಿಗೆ ಹೋದವನು ಬಂದಿಲ್ಲ, ದೀಪ ಹಚ್ಚುವವರಿಲ್ಲ, ಅವಳೇ ಮೆಟ್ಟಿಲು ಹತ್ತುತ್ತಾಳೆ. ಅಕ್ಕ ಮೈಮರೆತು ಹೇಳಿದಳು. ಅಮ್ಮನ ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡು ಅಕ್ಕ ಉಬ್ಬಿಹೋದಳು. ವೇದಿಕೆ ಬೇಕೇ, ಬಣ್ಣ ಬೇಕೇ, ಅಡುಗೆಮನೆಯ ಮಗ್ಗುಲಲ್ಲಿ ಕೂತು ಅಳಿಸಿದೆನಲ್ಲ!

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ಪುಟ್ಟಿ ಅದೆಷ್ಟು ಚೆನ್ನಾಗಿ ಹೇಳ್ತಾಳೆ!"

ಅಕ್ಕ ಎದ್ದು ಗೋಡೆಗೆ ಮುಖಮಾಡಿ, "ಹೇಳಿದ್ದು ನಾನು," ಅಂದಳು. ಆ ಮನೆಯಲ್ಲಿ ಗುಟ್ಟಿನ ಮಾತಿಗೆ ದನಿ ತಗ್ಗಿಸಬೇಕಿಲ್ಲ, ಬೆನ್ನು ತಿರುಗಿಸಿದರೆ ಸಾಕು.

ಪುಟ್ಟಿಗೆ ಈ ಉಪಾಯ ಗೊತ್ತಿರಲಿಲ್ಲ. ಮುಚ್ಚಿಡುವಂಥದ್ದು ಅವಳ ಬಳಿ ಎಂದೂ ಏನೂ ಇರದಿದ್ದರಿಂದ ಅವಳು ಅದನ್ನು ಕಲಿತಿರಲಿಲ್ಲ. ಭಾನುವಾರ ಮನೆಗೆ ಬಂದವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಪಾತ್ರೆ ತೊಳೆಯುತ್ತಿದ್ದ ಅಕ್ಕನಿಗೆ ಪಿಸುಗುಟ್ಟಿದಳು.

"ಅಕ್ಕಾ, ಕೌಂಟರಿನವನು ಹೇಳ್ದ, ಮುಂದಿನ ಸಾಲಲ್ಲಿ ಇನ್ನೂ ಬೇಕಾದಷ್ಟು ಸೀಟು ಖಾಲಿ ಇವೆಯಂತೆ. ನೀನೇ ಬೇಡ ಅಂದ್ಯಂತಲ್ಲ? ಅಮ್ಮನ ಮಂಡಿಗೆ ಅಷ್ಟು ಮೆಟ್ಟಿಲು ಇಳಿಯೋದು ಕಷ್ಟ ಅಂತಾನಾ?"

ಅಕ್ಕ ಸರಕ್ಕನೆ ತಿರುಗಿದಳು. ಬಾಗಿಲಲ್ಲಿ ಅಮ್ಮ ತಟ್ಟೆ ಹಿಡಿದು ನಿಂತಿದ್ದಳು. ಕಣ್ಣು ಪುಟ್ಟಿಯ ತುಟಿಯ ಮೇಲಿತ್ತು.

"ಪುಟ್ಟೀ, ಮಹಡಿ ಮೇಲೆ ಬಟ್ಟೆ ಒಣಗಿರಬೇಕು, ತೆಗೆದುಕೊಂಡು ಬಾ," ಅಂದಳು ಅಮ್ಮ. ಪುಟ್ಟಿ ಹೋದ ಮೇಲೆ ಅಕ್ಕನ ಎದುರಿಗೇ ಬಂದು ನಿಂತಳು. "ಮಂಡಿಗೋಸ್ಕರಾನಾ?"

ಹೌದು ಅಂದರೆ ಮುಗಿದಿತ್ತು. ಪಾಪ, ನೆಪವನ್ನೂ ತಂಗಿಯೇ ಕೈಗಿಟ್ಟು ಹೋಗಿದ್ದಳು. ಅಕ್ಕನಿಗೆ ಅದಕ್ಕೂ ಉರಿಯಿತು.

"ಅಲ್ಲ. ಹೊಟ್ಟೆಕಿಚ್ಚಿಗೆ. ಮುಂದೆ ಕೂತ್ರೆ ನೀನು ಅವಳನ್ನೇ ನೋಡ್ತಾ ಇರ್ತೀಯ. ನನ್ನ ಕಡೆ ಒಂದ್ಸಲಾನೂ ತಿರುಗಲ್ಲ."

ಅಮ್ಮ ಬೈಯಬಹುದಿತ್ತು. ಬೈದಿದ್ದರೇ ಚೆನ್ನಾಗಿತ್ತು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು.

"ಅವಳು ಸ್ಕೂಲಿಗೆ ಹೋಗಿ ಬಂದ ಮೊದಲನೇ ದಿನ ನೆನಪಿದೆಯಾ? ಏನೋ ಗಳಗಳ ಅಂತ ಹೇಳಿದ್ಲು. ಮುಂದಿನ ಹಲ್ಲು ಬಿದ್ದಿತ್ತು, ತುಟಿ ಓದೋಕೆ ನಂಗಾಗ್ಲಿಲ್ಲ. ನಿನ್ನ ಕಡೆ ತಿರುಗಿದೆ. ಆಮೇಲೆ ಅವಳಿಗೆ ಹಲ್ಲು ಬಂತು, ನಂಗೆ ಅಭ್ಯಾಸ ಹೋಗಲಿಲ್ಲ. ಅವಳ ನಗು, ಅಳು, ಸುದ್ದಿ, ಎಲ್ಲ ನಿನ್ನ ಬಾಯಲ್ಲೇ ಕೇಳಿದೀನಿ. ನೀನು ಚೆನ್ನಾಗಿಯೇ ಹೇಳಿದ್ದೀಯ ಕಣೇ, ಇಲ್ಲ ಅನ್ನಲ್ಲ." ಅಮ್ಮ ಅಕ್ಕನ ಒದ್ದೆ ಕೈ ಹಿಡಿದುಕೊಂಡಳು. "ಒಂದು ಸಂಜೆ ಅವಳನ್ನ ಅವಳ ಬಾಯಲ್ಲೇ ಕೇಳ್ಕೋತೀನಿ. ಬಿಟ್ಟುಕೊಡು."

ಅಕ್ಕ ಕೈ ಒರೆಸಿಕೊಂಡು ಹೊರಗೆ ಬಂದು ಕೌಂಟರಿಗೆ ಫೋನು ಮಾಡಿದಳು. ಉರಿ ಆರಿರಲಿಲ್ಲ. ಮಹಡಿಯಿಂದ ಬಟ್ಟೆಯ ಹೊರೆ ಹೊತ್ತು ಹಾಡಿಕೊಂಡು ಇಳಿಯುತ್ತಿದ್ದ ಪುಟ್ಟಿಯನ್ನು ಕಂಡರೆ ಇನ್ನಷ್ಟು ಉರಿಯುತ್ತಿತ್ತು.

"ಮೇಲಿನ ಎರಡೂ ಬದಲಾಯಿಸಿ ಮುಂದೆ ಕೊಡ್ಲಾ, ಮೇಡಂ?" ಎಂದು ಕೌಂಟರಿನವನು ಕೇಳಿದ.

"ಮುಂದೆ ಒಂದು ಕೊಡಿ. ಮೇಲಿನದು ಒಂದು ಹಾಗೇ ಇರ್ಲಿ."

"ಜೊತೇಲಿ ಬಂದು ಬೇರೆ ಬೇರೆ ಕೂರ್ತೀರಾ?"

"ಹೂಂ," ಅಂದಳು ಅಕ್ಕ. "ಪಕ್ಕದಲ್ಲಿ ಕೂತ್ರೆ ನನ್ನ ಬಾಯಿ ಸುಮ್ನಿರಲ್ಲ."