ಬೀಗರಿಗಿಟ್ಟ ನೀರು

"ಏ ಗುಡ್ಡಿ, ಹಿಂದಕ್ಕ ಸರಿ! ಪಲ್ಲಕ್ಕಿ ಮ್ಯಾಲ ಬೀಳ್ತೀಯೇನ? ಕಣ್ಣು ಹೊಳ್ಯಾಗ ಬಿಟ್ಟು ಬಂದೀಯೇನ?"

ಪೂಜಾರಿ ಶಿದ್ಲಿಂಗಪ್ಪ ಬೆತ್ತವನ್ನು ಗಾಳಿಯಲ್ಲಿ ಬೀಸಿದ. ಗುಡ್ಡವ್ವ ಹಿಂದೆ ಸರಿದಳು. ಅವಳ ಕೈಯ ಮೊರದಲ್ಲಿ ಉಡಿಯ ಸಾಮಾನಿತ್ತು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಮೇಲೊಂದು ಹಸಿರು ಕುಬಸದ ಕಣ. ಆ ಕಣವನ್ನು ಅಂಕಲಗಿ ಸಂತೆಯಲ್ಲಿ ತಾನೇ ಆರಿಸಿ ತಂದಿದ್ದಳು. ತೋರಿಸಿದ್ದನ್ನೆಲ್ಲ ಬೇಡ ಬೇಡವೆಂದು ಅಂಗಡಿಯವನ ಕೈಲಿ ಬೈಸಿಕೊಂಡು.

ಹೊಳೆವ್ವ ದೇವಿಗೆ ಊರಾಚೆಯ ಈ ಕೇರಿಯೇ ತವರು. ಇದು ಊರಿಗೆ ಊರೇ ಒಪ್ಪಿದ ಮಾತು. ಗಂಡನ ಮನೆಯವರು ಹೊರಗೆ ಹಾಕಿದ ಹುಡುಗಿಯೊಬ್ಬಳು ಘಟಪ್ರಭೆಯ ನೆರೆಯನ್ನು ಈಜಿ, ತೊಯ್ದು ತೊಪ್ಪೆಯಾಗಿ ಇಲ್ಲಿಗೆ ಬಂದಳಂತೆ. ಗೌಡರ ವಾಡೆಯವರು ನಾಯಿ ಬಿಟ್ಟರಂತೆ, ಓಣಿಯವರು ಕದ ಮುಚ್ಚಿದರಂತೆ. ಕೇರಿಯ ಮುದುಕಿಯೊಬ್ಬಳು ಒಳಗೆ ಕರೆದು, ತಲೆ ಒರೆಸಿ, ತನ್ನ ಸೀರೆ ಉಡಿಸಿ, ಜೋಳದ ನುಚ್ಚು ಉಣಿಸಿದಳಂತೆ. 'ಇನ್ನ ನೀನ ನನ್ನ ಹಡದವ್ವ' ಎಂದ ಹುಡುಗಿ ಬೆಳಗಾಗುವುದರೊಳಗೆ ಹೊಳೆಗಿಳಿದು ಕಲ್ಲಾದಳು. ಆ ಕಲ್ಲನ್ನು ಎತ್ತಿಕೊಂಡು ಹೋಗಿ ಗುಡಿ ಕಟ್ಟಿದವರು ಮಾತ್ರ ಊರಿನವರು. ಮುದುಕಿಯ ಮನೆತನಕ್ಕೆ ಘೋಡಗೇರಿಯಿಂದ ಸೊಸೆಯಾಗಿ ಬಂದವಳು ಗುಡ್ಡವ್ವ.

ಸೀಗಿ ಹುಣ್ಣಿಮೆಗೆ ದೇವಿ ಹೊಳೆಯಲ್ಲಿ ಮಿಂದು ತವರಿಗೆ ಬರುತ್ತಾಳೆ. ಕೇರಿಯ ಬಾಯಲ್ಲಿರುವ ಕಟ್ಟೆಯ ಮೇಲೆ ಪಲ್ಲಕ್ಕಿ ಇಳಿಸುತ್ತಾರೆ. ಆ ಮನೆತನದ ಹೆಣ್ಣುಮಗಳು ತಾಯಿಯಾಗಿ ನಿಂತು ಉಡಿ ಕೊಡಬೇಕು, 'ಹೋಗಿ ಬಾ ಮಗಳ' ಅನ್ನಬೇಕು. ಆ ಮಾತು ಬೀಳದೆ ಪಲ್ಲಕ್ಕಿ ಏಳುವಂತಿಲ್ಲ, ಗುಡಿಯ ಬಾಗಿಲು ತೆರೆಯುವಂತಿಲ್ಲ. ಆದರೆ ತಾಯಿ ಮಗಳನ್ನು ಮುಟ್ಟುವಂತಿಲ್ಲ. ಮೊರವನ್ನು ನೆಲಕ್ಕಿಟ್ಟು ದೂರ ಸರಿಯಬೇಕು. ಪೂಜಾರಿ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಾನೆ. ಗುಡ್ಡವ್ವನ ಅತ್ತೆ ಹಾಗೇ ಇಟ್ಟು ಇಟ್ಟು ಸತ್ತಳು.

ಹುಕ್ಕೇರಿಯ ಕಾಲೇಜಿನಲ್ಲಿ ಪಾಠ ಹೇಳುವ ಮಗ ಅರ್ಜುನ ಈ ದೇವರನ್ನೆಲ್ಲ ಬಿಟ್ಟು, ಮನೆಯಲ್ಲಿ ಬುದ್ಧನ ಫೋಟೋ ತೂಗುಹಾಕಿದವನು. ಇವತ್ತು ಮುಂಜಾನೆ ಮೊರ ಸಿಂಗರಿಸುತ್ತಿದ್ದ ತಾಯಿಯನ್ನು ಕಂಡು ಸಿಡಿದಿದ್ದ.

"ಯವ್ವಾ, ನಾಯಿಗಿ ಕೂಳ ಇಟ್ಟಂಗ ನೆಲಕ್ಕ ಇಟ್ಟು ಬರೂದು ಸಾಕಾಗಿಲ್ಲೇನ ನಿನಗ? ಆಕಿ ಅವರ ದೇವರು. ಬಿಟ್ಟುಬಿಡು."

"ಅವರ ದೇವರ ಇರಬೋದೋ ಯಪ್ಪಾ. ನನ್ನ ಮಗಳಲ್ಲ ಆಕಿ? ಹೆಂಗ ಬಿಡಲಿ?"

"ಮಗಳಾಗಿದ್ರ ಮುಟ್ಟು ನೋಡೂಣು!"

ಆ ಮಾತು ಕಬ್ಬಿನ ಗರಿಯ ಹಾಗೆ ಕೊಯ್ದಿತ್ತು. ಕಟ್ಟೆಯ ಮುಂದೆ ನಿಂತಾಗಲೂ ಉರಿಯುತ್ತಲೇ ಇತ್ತು.

"ಇಡ ಲಗೂ, ಬಿಸಲ ಏರತೈತಿ," ಎಂದು ಶಿದ್ಲಿಂಗಪ್ಪ ಬೆತ್ತದಿಂದಲೇ ನೆಲ ತೋರಿಸಿದ.

"ಈ ಸಲ ಉಡಿ ನಾ ಕೈಲೇ ತುಂಬ್ತೀನ್ರಿ."

ಅವಳ ಗಂಡ ಹನಮಂತ ಬಾರಿಸುತ್ತಿದ್ದ ಹಲಗೆ ನಿಂತುಹೋಯಿತು. ಗುಡಿ ಕಮಿಟಿಯ ಹಿರಿಯ, ಗೌಡರ ವಾಡೆಯ ಉದ್ದಪ್ಪ ಸಾವಕಾರ ಕುರ್ಚಿಯಿಂದೆದ್ದು ಬಂದ. ಗುಡ್ಡವ್ವ ಕೂಲಿಗೆ ಕಸ ಕೀಳುವುದು ಅವನ ಕಬ್ಬಿನ ಹೊಲದಲ್ಲೇ.

"ನೋಡವ್ವಾ," ಎಂದ, ಸುತ್ತ ಮೊಬೈಲು ಹಿಡಿದವರಿಗೆಲ್ಲ ಕೇಳುವಂತೆ. "ನಾವೇನ ಜಾತಿ ಗೀತಿ ನೋಡಾವ್ರಲ್ಲ. ಆ ಮಾತ ನನ್ನ ಬಾಯಾಗ ಬರಂಗಿಲ್ಲ. ಹಿರ್ಯಾರ ಪದ್ಧತಿ, ಅಷ್ಟ." ಆಮೇಲೆ ತುಸು ಬಾಗಿ, ಹಲ್ಲಿನ ಸಂದಿಯಿಂದ: "ಮೊರ ಇಟ್ಟು ಸರಿಯೇ ರಂಡಿ. ನಾಳಿ ನನ್ನ ಕಬ್ಬಿನಾಗ ಕಾಲಿಟ್ಟಿ ಅಂದ್ರ ಕಾಲ ಮುರದ ಕೈಯಾಗ ಕೊಡ್ತೀನಿ."

ಗುಡ್ಡವ್ವ ಮೊರವನ್ನು ನೆಲಕ್ಕಿಡಲಿಲ್ಲ. ಸೊಂಟಕ್ಕೆ ಒತ್ತಿ ಹಿಡಿದಳು.

"ಆತ್ರಿ. ಪದ್ಧತಿ ಅಂದ್ರ ಪದ್ಧತೀನ ಆಗ್ಲಿ. ಮಗಳನ್ನ ಕಳಸಂಗಿಲ್ಲ ನಾನು."

"ಆಂ?"

"ತವರಿಗೆ ಬಂದಾಳ್ರಿ. ಇರ್ಲಿ. ದೀಪಾವಳಿ ಮುಗಿಸ್ಕೊಂಡ ಹೋಗ್ಲಿ."

ಹಿಂದೆ ನಿಂತ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಉದ್ದಪ್ಪನ ಮುಖ ಕೆಂಪೇರಿತು.

"ಎತ್ರೋ ಪಲ್ಲಕ್ಕಿ! ಈ ಬೋಸುಡಿ ಮಾತ ಏನ ಕೇಳ್ತೀರಿ?"

ಪಲ್ಲಕ್ಕಿ ಹೊರುವವರು ದಂಡಿಗೆಗೆ ಕೈ ಹಚ್ಚಿದರು. ಒಬ್ಬರ ಮುಖ ಒಬ್ಬರು ನೋಡಿ ಕೈ ತೆಗೆದರು. ದೇವಿ ಮುನಿದು ಹೊಳೆ ಓಣಿಯೊಳಗೆ ಬಂದು ದನಕರು ಕೊಚ್ಚಿಕೊಂಡು ಹೋದ ವರ್ಷವನ್ನು ಯಾರೂ ಮರೆತಿರಲಿಲ್ಲ. ಮುಂದಿನ ಹೆಗಲಿನ ಸೋಮಪ್ಪ ತಲೆ ಕೆರೆದುಕೊಂಡ.

"ಮಾತ ಬಿದ್ದಿಲ್ಲಲ್ರಿ ಸಾವ್ಕಾರ. ಮುಂದಿನ ಹೆಗಲ ನೀವ ಕೊಡ್ರಿ, ನಾವು ಹಿಂದ ಹಿಡೀತೀವಿ."

ಉದ್ದಪ್ಪ ತನ್ನ ಬಿಳಿ ಧೋತರದ ಅಂಚನ್ನು ಸರಿಮಾಡಿಕೊಂಡ. ಹೆಂಡತಿಯ ಕಡೆ ತಿರುಗಿದ. "ಗೌರಾ, ನೀ ಅಂದಬಿಡ. 'ಹೋಗಿ ಬಾ ಮಗಳ' ಅನ್ನ."

ಗೌರಕ್ಕ ಸೆರಗು ಬಿಗಿ ಮಾಡಿಕೊಂಡಳು. "ನಾ ಹೆಂಗ ಅನ್ಲಿ? ಆಕಿ ಮ್ಯಾಲ ನಾಯಿ ಬಿಟ್ಟಾವ್ರ ನಮ್ಮ ಹಿರ್ಯಾರ. ಮೊಮ್ಮಕ್ಕಳಿದ್ದ ಮನಿರಿ ನಮ್ದು, ನಂಗ ಹಚ್ಚಬ್ಯಾಡ್ರಿ."

ಬಿಸಿಲು ಕಟ್ಟೆಯ ಮೇಲೆ ಬಂದಿತು. ಪಲ್ಲಕ್ಕಿಯೊಳಗಿನ ದೇವಿಯ ಬೆಳ್ಳಿಯ ಮುಖ ಝಳ ಹೊಡೆಯತೊಡಗಿತು. ನಸುಕಿನಿಂದ ಪದ ಹಾಡಿದ್ದ ಶಿದ್ಲಿಂಗಪ್ಪನ ದನಿ ಒಡೆದಿತ್ತು. ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತಿರ ಬಂದ. ಹತ್ತಿರವೆಂದರೆ ಮೊದಲಿನಷ್ಟೇ ದೂರ.

"ಏನ ಮಾಡಿದ್ರ ಕಳಸ್ತಿ, ಹೇಳ ನಮ್ಮವ್ವಾ."

ಗುಡ್ಡವ್ವನಿಗೆ ಅಳುವೂ ಬಂತು, ನಗೆಯೂ ಬಂತು. ಎರಡನ್ನೂ ನುಂಗಿದಳು.

"ನಿಮ್ಮ ಮನಿ ಹೆಣ್ಮಕ್ಕಳನ್ನ ಹೆಂಗ ಕಳಸ್ತೀರಿ? ಬೀಗರು ಮನಿಗಿ ಬರ್ತಾರ. ಚಾಪಿ ಮ್ಯಾಲ ಕುಂದರ್ತಾರ. ಬೆಲ್ಲ ತಿಂದು ನೀರ ಕುಡೀತಾರ. 'ಕಳಸ್ರಿ' ಅಂತ ಕೇಳ್ತಾರ. ನೀವೂ ಬರ್ರಿ. ಮನಿ ಇಲ್ಲೇ ಐತಿ. ಕುಡದು ಕೇಳ್ರಿ, ಆಮ್ಯಾಲ ನನ್ನ ಕೈಲೇ ಉಡಿ ತುಂಬಿ ಕಳಸ್ತೀನಿ."

ಕಟ್ಟೆಗೆ ಎದುರಿನ ಮೊದಲ ಮನೆಯೇ ಅವಳದು. ಬಾಗಿಲಲ್ಲಿ ಅರ್ಜುನ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ತಾಯಿ ಒಳಗೆ ಬಂದು ಚಾಪೆಗಾಗಿ ತಡಕಾಡುವಾಗ ಅವನು ಹಿತ್ತಾಳೆಯ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತುಂಬಿಸಿ ತಂದ. ಗುಡ್ಡವ್ವ ಅಂಗಳದಲ್ಲಿ ಚಾಪೆ ಹಾಸಿದಳು. ತಂಬಿಗೆ ಇಟ್ಟಳು. ಪಕ್ಕದಲ್ಲಿ ಒಂದು ಹೆಂಟೆ ಬೆಲ್ಲ, ಉದ್ದಪ್ಪನದೇ ಗಾಣದ್ದು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

"ಬರ್ರಿ ಬೀಗರ."

ಯಾರೂ ಬರಲಿಲ್ಲ, ಯಾರೂ ಹೋಗಲೂ ಇಲ್ಲ. ಬೆಲ್ಲಕ್ಕೆ ಇರುವೆ ಹತ್ತಿತು. ಉದ್ದಪ್ಪ ಫೋನು ಕಿವಿಗೆ ಹಚ್ಚಿ, "ಸಾಹೇಬ್ರ, ಜೀಪ್ ತಗೊಂಡ ಲಗೂನ ಬರ್ರಿ, ಇಲ್ಲಿ ಒಬ್ಬಾಕಿ ದೇವೀನ ಹಿಡದಿಟ್ಟಾಳ" ಎಂದು ಕೂಗತೊಡಗಿದ. ಶಿದ್ಲಿಂಗಪ್ಪ ತಂಬಿಗೆಯನ್ನೇ ನೋಡುತ್ತ ಉಗುಳು ನುಂಗಿದ.

"ಸಾಹೇಬ್ರೂ ಬರ್ಲೇಳ್ರಿ," ಎಂದಳು ಗುಡ್ಡವ್ವ. "ನೀರ ಭಾಳ ಐತಿ."