ಎರವಲು ಸಭೆ

ಗೋವಾದ ಸಡಾ ಗುಡ್ಡದ ಮೇಲೆ, ಬಂದರಿನ ಅದಿರುಧೂಳು ಗಿಡದ ಎಲೆಯಿಂದ ಊಟದ ತಟ್ಟೆಯವರೆಗೂ ಹಾರಿ ಬರುವ ಇಳಿಜಾರಿನಲ್ಲಿ, ಒಂದು ತಗಡಿನ ಶೆಡ್ಡಿತ್ತು. ವಾರವೆಲ್ಲ ಅದು ಸಿಮೆಂಟು ಚೀಲಗಳ ಗೋದಾಮು. ಆದಿತ್ಯವಾರ ಮಾತ್ರ ಚೀಲಗಳನ್ನು ಮೂಲೆಗೆ ಸರಿಸಿ, ಗದಗ ಬೆಟಗೇರಿಗಳ ಕಡೆಯಿಂದ ದುಡಿಯಲು ಬಂದಿದ್ದ ಒಂಬತ್ತು ಕ್ರೈಸ್ತ ಕುಟುಂಬಗಳು ಅಲ್ಲಿ ಆರಾಧನೆ ನಡೆಸುತ್ತಿದ್ದವು. ಆ ಸಣ್ಣ ಸಭೆಗೆ ಕರೆಪ್ಪನೇ ಉಪದೇಶಿ. ಉಳಿದ ದಿನಗಳಲ್ಲಿ ಅವನೂ ಬಂದರಿನ ಕೂಲಿಯೇ.

ಗೋವಾ ರಾಜ್ಯವಾದ ಮರುವರ್ಷದ ಬೇಸಿಗೆಯಲ್ಲಿ ಶೆಡ್ಡಿನ ಮಾಲೀಕರು, ಮಳೆಗಾಲಕ್ಕೆ ಮುಂಚೆ ಜಾಗ ಬಿಡಬೇಕೆಂದು ಹೇಳಿದರು. ಅದೇ ದಿನಗಳಲ್ಲಿ ಬೊಂಬಾಯಿಯ ಮಿಶನ್ ಸಂಸ್ಥೆಯೊಂದು, ತಮ್ಮ ಸೇವೆಯನ್ನು ವಿಸ್ತರಿಸಬಯಸುವ ಸಭೆಗಳಿಗೆ ಸಹಾಯಧನ ನೀಡುತ್ತಿದೆ ಎಂಬ ಸುದ್ದಿ ಬಂತು. ಕರೆಪ್ಪ ಪತ್ರ ಬರೆದು ಸಹಾಯ ಕೇಳಿಕೊಂಡ. ಸ್ವಂತದ್ದೊಂದು ಪ್ರಾರ್ಥನಾಲಯ, ಸಂಜೆಯ ಹೊತ್ತು ಕೂಲಿಕಾರರ ಮಕ್ಕಳಿಗೆ ಅಲ್ಲೇ ಕನ್ನಡ ಶಾಲೆ, ಊರಿಗೆ ಮರಳಲಾಗದ ರೋಗಿಗಳಿಗೆ ಪಕ್ಕದಲ್ಲೊಂದು ಕೋಣೆ: ಅವನ ಕನಸು ಇಷ್ಟೇ ಆಗಿತ್ತು. ಸಂಸ್ಥೆಯ ಅಧಿಕಾರಿ ತಾವೇ ಬಂದು ನೋಡುವುದಾಗಿ ತಿಳಿಸಿದರು. ಬೆಳೆಯುತ್ತಿರುವ ಸಭೆಗಳಿಗಷ್ಟೇ ಹಣವೆಂದೂ ತಿಳಿಸಿದರು.

ಅವರು ಬರುವ ಹಿಂದಿನ ದಿನ ಬಂದರಿಗೆ ಅದಿರು ತುಂಬುವ ಹಡಗು ಬಂತು. ಕರೆಪ್ಪನೊಬ್ಬನನ್ನು ಬಿಟ್ಟು ಸಭೆಯ ಗಂಡಸರಿಗೆಲ್ಲ ಆದಿತ್ಯವಾರದ ಪಾಳಿ ಬಿತ್ತು.

“ಯಾಕ್ರಿ ಉಪದೇಶಿ, ಮಾರಿ ಇಷ್ಟ ಸಣ್ಣದ ಮಾಡೀರಿ?” ಎಂದಳು ಪಕ್ಕದ ಮನೆಯ ಯಲ್ಲವ್ವ. ಹಣೆತುಂಬ ಅರಿಶಿನದ ಭಂಡಾರ ಬಳಿದುಕೊಳ್ಳುವ, ಸವದತ್ತಿ ಎಲ್ಲಮ್ಮನ ಒಕ್ಕಲಿನ ವಿಧವೆ ಅವಳು.

“ನಾಳೆ ಸಾಹೇಬ್ರು ಬರ್ತಾರ, ಗಂಡಸ್ರೆಲ್ಲ ಹಡಗಿಗೆ ಹೊಂಟಾರ. ಖಾಲಿ ಶೆಡ್ಡ ತೋರಸ್ಲೇನು, ಯಲ್ಲವ್ವಕ್ಕ?”

“ಅಯ್ಯ, ನಾವೇನ್ ಸತ್ತೇವೇನು? ನನ್ನ ಮಗಳನ್ನ ನೋಡಾಕ ಬೀಗರು ಬಂದಾಗ ನೀವು ಸೋದರಮಾವ ಆಗಿ ಕುಂತಿದ್ದಿಲ್ಲ? ಈಗ ನಾವು ಕುಂದರ್ತೇವಿ ಬಿಡ್ರಿ.”

ಅದು ಆ ಗುಡ್ಡದ ರೂಢಿ. ಬಂಧುಬಳಗವನ್ನೆಲ್ಲ ಊರಲ್ಲೇ ಬಿಟ್ಟು ಬಂದವರ ಮನೆಗೆ ಹೆಣ್ಣು ನೋಡಲು ಯಾರಾದರೂ ಬಂದರೆ, ನೆರೆಯವರೇ ಮಾವ, ಅತ್ತೆ, ದೊಡ್ಡಪ್ಪಂದಿರಾಗಿ ಚಾಪೆ ತುಂಬುತ್ತಿದ್ದರು.

ಇದನ್ನು ಕೇಳಿಸಿಕೊಂಡ ಎದುರಿನ ಚಹಾದಂಗಡಿಯ ರಸೂಲಸಾಬನೂ ನಕ್ಕು, “ನಾನೂ ಬರ್ತೇನಿ. ಹಾಡೂ ಮುಂದ ಬರೇ ಬಾಯಿ ಆಡಸ್ತೇನಿ. ನನ್ನ ದನಿ ಕೇಳಿದ್ರ ಸಾಹೇಬ್ರು ಬೊಂಬಾಯಿತನಕಾ ಓಡಿಬಿಟ್ಟಾರು!” ಎಂದ.

ಕರೆಪ್ಪನೂ ನಕ್ಕ. ಹೊರಡುವ ಮುನ್ನ ತಡವರಿಸುತ್ತ, “ಯಲ್ಲವ್ವಕ್ಕ, ಹಣಿ ಮ್ಯಾಲಿನ ಭಂಡಾರ... ನಾಳೆ ಒಂದಿನ...” ಎಂದ.

ಅವಳು ಬೆರಳಿನಿಂದ ಹಣೆ ಮುಟ್ಟಿಕೊಂಡಳು. ಆಮೇಲೆ, “ಆತು ತಗೋರಿ,” ಎಂದಳು.

ಮರುದಿನ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧಿಕಾರಿಯ ಮುಖ ಅರಳಿತು. ಆರಾಧನೆ ಮುಗಿದ ಮೇಲೆ ಅವರು ಚೀಲದಿಂದ ಕ್ಯಾಮೆರಾ ತೆಗೆದು, ಮಿಶನ್ ಶಾಲೆಯಲ್ಲಿ ಓದಿದ್ದ ಕರೆಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದರು: “ಹಳೆಯ ದೇವರುಗಳನ್ನು ಬಿಟ್ಟು ಹೊಸದಾಗಿ ಬಂದವರೆಲ್ಲ ಮುಂದೆ ನಿಲ್ಲಲಿ. ಹಣ ಕೊಡುವವರು ಈ ಮುಖಗಳನ್ನು ನೋಡಬೇಕು. ನಿಮ್ಮ ಪ್ರಾರ್ಥನಾಲಯದ ಚಿಂತೆ ಬಿಡಿ.”

ಕ್ಯಾಮೆರಾ ಕಂಡದ್ದೇ ತಡ, ನೆರೆಯವರು ತಾವಾಗಿಯೇ ಎದ್ದು ನಿಂತರು. ಯಲ್ಲವ್ವ ಸೆರಗು ಸರಿಮಾಡಿಕೊಂಡಳು. ಬರಿದಾದ ಅವಳ ಹಣೆಯನ್ನು ಕರೆಪ್ಪ ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಚಾಪೆ ತುಂಬುವುದು ಬೇರೆ. ಈ ಮುಖಗಳು ಕಾಣದ ದೇಶಕ್ಕೆ ಹೋಗಿ, ತಮ್ಮ ದೇವರನ್ನೇ ತೊರೆದು ಬಂದವರೆಂದು ಅಚ್ಚಾಗುವುದು ಬೇರೆ. ಅದು ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಹೆಂಡತಿ ಶರಣಮ್ಮ ತನ್ನನ್ನೇ ನೋಡುತ್ತಿರುವುದು ಕರೆಪ್ಪನಿಗೆ ಕಂಡಿತು. ಅವಳ ನೋಟದಲ್ಲಿ ಕಟ್ಟಿ ಮುಗಿದ ಪ್ರಾರ್ಥನಾಲಯವಿತ್ತು.

“ಇವರು ನಮ್ಮ ಸಭೆಯವರಲ್ಲ, ಸಾಹೇಬರೇ,” ಎಂದನವನು ಇಂಗ್ಲಿಷಿನಲ್ಲಿ. “ನೆರೆಯವರು. ನನಗೋಸ್ಕರ ಬಂದು ಕೂತರು. ಯಾವ ದೇವರನ್ನೂ ಬಿಟ್ಟಿಲ್ಲ.” ಆಮೇಲೆ ಅದನ್ನೇ ಕನ್ನಡದಲ್ಲೂ ಹೇಳಿದ.

ಅಧಿಕಾರಿ ಸಿಟ್ಟಾಗಲಿಲ್ಲ. ಕ್ಯಾಮೆರಾವನ್ನು ಚೀಲಕ್ಕಿಳಿಸಿ, “ನಿಜ ಹೇಳಿದಿರಿ, ಸಂತೋಷ. ಆದರೆ ಈ ಹಣ ನಿಮ್ಮಂಥ ಸಭೆಗಲ್ಲ,” ಎಂದು ಹೊರಟುಹೋದರು.

“ಖರೇ ಹೇಳಿದ್ರಿ, ಚಲೋ ಆತು,” ಎಂದಳು ಶರಣಮ್ಮ, ಚಾಪೆ ಸುತ್ತುತ್ತ. “ಮಳಿ ಬಿದ್ದಮ್ಯಾಲೆ ಎಲ್ಲೆ ಕೂಡೂದು, ಅದನ್ನೂ ಹೇಳ್ರಿ.”

ಹೊರಗೆ ಯಲ್ಲವ್ವ ನಿಂತಿದ್ದಳು.

“ಫೋಟೋ ಬ್ಯಾಡಂದಿದ್ರ ಸಾಕಿತ್ತು. ನಮ್ಮವರಲ್ಲ ಅಂತ ಅಷ್ಟ ಮಂದ್ಯಾಗ ಯಾಕಂದ್ರಿ? ನಿಮ್ಮ ಸೋದರಮಾವನ ಸುಳ್ಳನ್ನ ನಾ ಬೀಗರ ಮುಂದ ಬಿಚ್ಚಿ ಹೇಳಿದ್ನೇನು?”

“ಆ ಸುಳ್ಳು ಬ್ಯಾರೆ, ಯಲ್ಲವ್ವಕ್ಕ. ಇದರಾಗ ನಿಮ್ಮ ದೇವರನ್ನ ನಾ ಮಾರಿದಂಗ ಆಗ್ತಿತ್ತು.”

“ನನ್ನ ದೇವರಿಗೆ ನಾ ಹೇಳಿಕೊಂಡ ಬಂದಿದ್ನಿ,” ಎಂದಳವಳು. “ನಡುವ ನೀವ್ಯಾಕ ಬಂದ್ರಿ?”

ಅವಳು ತಿರುಗಿ ನೋಡದೆ ಮನೆಗೆ ನಡೆದಳು.

ಮಳೆ ಹಿಡಿಯಿತು. ಒಂಬತ್ತು ಕುಟುಂಬಗಳು ಈಗ ಕರೆಪ್ಪನ ಒಂದಂಕಣದ ಮನೆಯಲ್ಲಿ ಇಕ್ಕಟ್ಟಾಗಿ ಕೂತವು. ಜಾಗ ಸಾಲದವರು ಹೊರಗೆ ಪ್ಲಾಸ್ಟಿಕ್ ಹಾಳೆಯಡಿ ನಿಂತರು. ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ. ತಗಡಿನ ಗೋಡೆಯಾಚೆ ಯಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. ಕೀರ್ತನೆ ಮುಗಿದ ಮೇಲೂ ಆ ಸಪ್ಪಳ ನಿಲ್ಲಲಿಲ್ಲ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದ ಕರೆಪ್ಪ, ಮೊದಲು ಯಾರಿಗಾಗಿ ಬೇಡಿಕೊಳ್ಳಬೇಕೆಂದು ತಿಳಿಯದೆ, ಸಭೆಯೆಲ್ಲ ಕಾಯುತ್ತಿದ್ದರೂ ಆ ಸಪ್ಪಳ ಕೇಳುತ್ತ ನಿಂತೇ ಇದ್ದ.